ಕತ್ತಲ ಕಥೆ ಯಾವ ವಯಸ್ಸಿಗೆ?

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಕಲಬುರಗಿ ಸೀಮೆಯ ಹಳ್ಳಿಗಳು ಅದಕ್ಕೆ ಆರು ವರ್ಷ ಮುಂಚೆಯೇ ಟಿ.ವಿ. ನೋಡಿದ್ದವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ಬಿತ್ತರಿಸುವ ಪ್ರಯೋಗ ನಡೆಯಿತು. 'ಸೈಟ್' ಎಂಬ ಚುಟುಕು ಹೆಸರಿನ ಈ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಆಗಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಪ್ರಯೋಗ ಮುಗಿದ ಮರುವರ್ಷ, 1977ರಲ್ಲಿ, ಗುಲ್ಬರ್ಗಾಕ್ಕೆ ತನ್ನದೇ ಪ್ರಸಾರ ಯಂತ್ರವೂ ಬಂತು.

ಶಾಲೆಯ ಅಥವಾ ಪಂಚಾಯಿತಿಯ ಕಟ್ಟಡದಲ್ಲಿ ಒಂದು ಪೆಟ್ಟಿಗೆ, ಹೊರಗೆ ಕೋಳಿಗೂಡಿನ ಜಾಲರಿಯಂಥ ತಂತಿಬಲೆಯ ದೊಡ್ಡ ಆಂಟೆನಾ, ಮುಂದೆ ನೆಲದ ಮೇಲೆ ಊರು. ಬೆಳಗಿನ ಕಾರ್ಯಕ್ರಮ ಶಾಲಾ ಮಕ್ಕಳದು. ಸಂಜೆಯದು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಎಂದು ದೊಡ್ಡವರದು. ಆದರೆ ಸಂಜೆಯ ಹೊತ್ತಿಗೂ ಮಕ್ಕಳು ಬಂದು ಕೂರುತ್ತಿದ್ದರು. ಇದು ಮಕ್ಕಳು ನೋಡತಕ್ಕದ್ದೇ ಎಂಬ ಪ್ರಶ್ನೆ ಅಲ್ಲಿ ದೊಡ್ಡದಾಗಲಿಲ್ಲ. ನೋಡುವುದಕ್ಕೆ ಇದ್ದದ್ದು ಸರ್ಕಾರದ ಕಾರ್ಯಕ್ರಮ. ಮೇಲಾಗಿ ಯಾವ ಮಗುವೂ ಒಂಟಿಯಾಗಿ ನೋಡುತ್ತಿರಲಿಲ್ಲ.

ಐವತ್ತು ವರ್ಷಗಳ ಅನಂತರ ಪರದೆ ಅಂಗೈಯಷ್ಟಾಗಿದೆ. ಕಮಲಾಪುರದ ಮನೆಯಲ್ಲಿಯೋ, ಓದಿಗೆಂದು ಕಲಬುರಗಿ ನಗರಕ್ಕೆ ಬಂದು ಉಳಿದ ಹಾಸ್ಟೆಲಿನ ಕೋಣೆಯಲ್ಲಿಯೋ, ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊಲೆ, ಹಗೆ, ಹುಚ್ಚು, ಆತ್ಮಹತ್ಯೆಗಳ ಸುತ್ತ ಹೆಣೆದ ಧಾರಾವಾಹಿಗಳನ್ನು ರಾತ್ರಿಯೆಲ್ಲ ನೋಡಬಹುದು. ಮನೋವೈಜ್ಞಾನಿಕ ಥ್ರಿಲ್ಲರ್ ಎಂಬ ಹೆಸರಿನ ಈ ಕಥೆಗಳು ಆ ವಯಸ್ಸಿಗೆ ತಕ್ಕವೇ ಎಂದು ತಂದೆ ತಾಯಿ ಕೇಳುತ್ತಿದ್ದಾರೆ. ಪ್ರಶ್ನೆ ಹೊಸದಲ್ಲ. ಅದಕ್ಕೆ ಉತ್ತರ ಹೇಳುವ ಹೊಣೆ ಕಾಲಕಾಲಕ್ಕೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ನೋಡಿದರೆ, ಇಂದಿನ ಮನೆಯವರಿಗೆ ದಾರಿ ಸ್ವಲ್ಪ ಸ್ಪಷ್ಟವಾಗುತ್ತದೆ.

ಆಟದ ಅಂಗಳದಲ್ಲಿ

ಸಿನಿಮಾ ಬರುವ ಮೊದಲು ನಮ್ಮ ಮಕ್ಕಳು ಭಯಾನಕವಾದದ್ದನ್ನು ನೋಡಿಯೇ ಇರಲಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಉತ್ತರ ಕರ್ನಾಟಕದ ದೊಡ್ಡಾಟಗಳಲ್ಲಿ ಬೆಳಗಿನ ಜಾವದವರೆಗೂ ಯುದ್ಧ, ವಧೆ, ಶಾಪಗಳೇ. ಕೀಚಕನ ಕಾಮ, ದುಶ್ಶಾಸನನ ಕ್ರೌರ್ಯ, ಸಭೆಯ ನಡುವೆ ದ್ರೌಪದಿಯ ಅವಮಾನ, ಇವು ಯಾವ ಥ್ರಿಲ್ಲರಿಗೂ ಕಡಿಮೆಯಾದ ವಸ್ತುಗಳಲ್ಲ. ಸಣ್ಣಾಟವಂತೂ ಪುರಾಣವನ್ನು ಬಿಟ್ಟು ನೆರೆಮನೆಯ ಕಥೆಗೇ ಇಳಿಯಿತು. ಬೈಲಹೊಂಗಲ ಸೀಮೆಯಲ್ಲಿ ನಡೆದದ್ದೆಂದು ಹೇಳುವ ಘಟನೆಯ ಮೇಲೆ ಕಟ್ಟಿದ 'ಸಂಗ್ಯಾ ಬಾಳ್ಯಾ'ದಲ್ಲಿ ಇರುವುದು ಗೆಳೆತನ, ಪರಸ್ತ್ರೀ ಮೋಹ, ನಂಬಿಕೆದ್ರೋಹ ಮತ್ತು ಕೊಲೆ. ಗೆಳೆಯನೇ ಗೆಳೆಯನನ್ನು ಸಾವಿನ ಬಾಯಿಗೆ ಒಪ್ಪಿಸುವಾಗಿನ ತಳಮಳವೇ ಆ ಆಟದ ಜೀವ.

ಆದರೆ ಇವಕ್ಕೂ ಇಂದಿನ ಧಾರಾವಾಹಿಗೂ ಎರಡು ದೊಡ್ಡ ವ್ಯತ್ಯಾಸಗಳಿದ್ದವು. ಮೊದಲನೆಯದು, ಆಟದಲ್ಲಿ ಕಥೆಯ ಪಕ್ಕದಲ್ಲಿಯೇ ಕಥೆಯ ಮೇಲೆ ಮಾತಾಡುವವರು ಇರುತ್ತಿದ್ದರು. ಭಾಗವತ ಹಾಡಿನ ನಡುವೆ ಎಚ್ಚರಿಕೆ ಹೇಳುತ್ತಿದ್ದ. ಸಾರಥಿ ಕೀಟಲೆಯ ಪ್ರಶ್ನೆ ಹಾಕಿ ಪಾತ್ರದ ಅಹಂಕಾರವನ್ನು ಬಯಲು ಮಾಡುತ್ತಿದ್ದ. ಭಯ ಏರಿದಾಗ ನಗೆ ಬಂದು ಅದನ್ನು ಇಳಿಸುತ್ತಿತ್ತು. ಎರಡನೆಯದು, ಮಗು ಹೆದರಿದರೆ ಮುಖ ಮರೆಸಿಕೊಳ್ಳಲು ಅಜ್ಜಿಯ ಸೆರಗು ಹತ್ತಿರವೇ ಇತ್ತು. ಮರುದಿನ ಹೊಲದಲ್ಲಿ, ಬಾವಿಕಟ್ಟೆಯಲ್ಲಿ ಅದೇ ಆಟದ ಮಾತು. ಸಂಗ್ಯಾ ಮಾಡಿದ್ದು ಸರಿಯೇ, ಬಾಳ್ಯಾ ಹಾಗೆ ಮಾಡಬಾರದಿತ್ತೇ ಎಂದು ದೊಡ್ಡವರು ವಾದಿಸುವುದನ್ನು ಹುಡುಗರು ಕೇಳಿಸಿಕೊಳ್ಳುತ್ತಿದ್ದರು.

ಹಳೆಯದೆಲ್ಲ ಒಳ್ಳೆಯದೆಂದು ಹೇಳಲು ಇದನ್ನು ನೆನೆಯಬೇಕಾಗಿಲ್ಲ. ಅಂಗಳದ ಆಟಗಳಲ್ಲಿ ಹೆಣ್ಣನ್ನು ಕುರಿತ ಹೀನ ಮಾತುಗಳೂ ಇದ್ದವು. ಅವನ್ನು ಪ್ರಶ್ನಿಸುವವರು ಕಡಿಮೆ. ಆದರೆ ಕತ್ತಲ ಕಥೆ ಸಂಗಡಿಗರ ನಡುವೆ ನಡೆಯುತ್ತಿತ್ತು ಎಂಬುದು ಮುಖ್ಯ.

ಬಾಗಿಲ ಕಾವಲು

ಸಿನಿಮಾ ಬಂದ ಮೇಲೆ ಅಂಗಳಕ್ಕೆ ಗೋಡೆ, ಗೋಡೆಗೆ ಬಾಗಿಲು, ಬಾಗಿಲಿಗೆ ಕಾವಲು ಬಂತು. ಬ್ರಿಟಿಷ್ ಸರ್ಕಾರದ 1918ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ 1920ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಏರ್ಪಟ್ಟವು. ಅವುಗಳಿಗೆ ಮಕ್ಕಳ ಮನಸ್ಸಿಗಿಂತ ಸಾಮ್ರಾಜ್ಯದ ಮಾನವೇ ದೊಡ್ಡ ಚಿಂತೆಯಾಗಿತ್ತು. ಗುಲ್ಬರ್ಗಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಆ ನಾಲ್ಕು ಮಂಡಳಿಗಳಲ್ಲಿ ಒಂದೂ ಅದರ ಪಾಲಿನದಲ್ಲ.

ವಯಸ್ಸಿನ ಗೆರೆ ಕಾನೂನಿನಲ್ಲಿ ಮೂಡಿದ್ದು ಸ್ವಾತಂತ್ರ್ಯದ ಅನಂತರ, 1949ರ ತಿದ್ದುಪಡಿಯಲ್ಲಿ. ಎಲ್ಲರೂ ನೋಡಬಹುದಾದ ಚಿತ್ರಕ್ಕೆ 'ಯು', ವಯಸ್ಕರಿಗೆ ಮಾತ್ರ ಎನಿಸಿದ್ದಕ್ಕೆ 'ಎ'. 1951ರಲ್ಲಿ ಇಡೀ ದೇಶಕ್ಕೆ ಒಂದೇ ಮಂಡಳಿ ಬಂತು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಅದಕ್ಕೆ ಭದ್ರ ತಳಹದಿ ಹಾಕಿತು. ಚಿತ್ರವನ್ನು ನೋಡಿ ಅಕ್ಷರ ಕೊಡುವವರು ಮಂಡಳಿಯವರು. ಚಿತ್ರಮಂದಿರಕ್ಕೆ ಪರವಾನಗಿ ಕೊಡುವುದು ರಾಜ್ಯದ ಅಧಿಕಾರಿಗಳು. 'ಎ' ಚಿತ್ರಕ್ಕೆ ಹುಡುಗರನ್ನು ಒಳಗೆ ಬಿಟ್ಟರೆ ಶಿಕ್ಷೆ ಚಿತ್ರಮಂದಿರದವರಿಗೆ. ಅಂದರೆ ಮಗುವಿಗೆ ಯಾವುದು ತಕ್ಕದ್ದು ಎಂಬ ತೀರ್ಪು ದೂರದ ನಗರದ ಕೋಣೆಯಲ್ಲಿ ಆಗುತ್ತಿತ್ತು. ಅದನ್ನು ಜಾರಿಗೆ ತರುವವನು ಟಿಕೆಟ್ ಹರಿಯುವ ಬಾಗಿಲ ಮನುಷ್ಯ.

ಈ ಏರ್ಪಾಡು ಹರಕು ಮುರುಕಾಗಿದ್ದರೂ ಅದಕ್ಕೊಂದು ಆಸರೆ ಇತ್ತು. ಕಮಲಾಪುರ, ಹುಮನಾಬಾದ್ ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಊರು, ಬಹುಕಾಲ ಗುಲ್ಬರ್ಗಾ ತಾಲ್ಲೂಕಿನ ಹೋಬಳಿಯಾಗಿತ್ತು. ಅಂಥ ಊರಿನ ಹುಡುಗನೊಬ್ಬ ನಗರದ ಟಾಕೀಸಿನಲ್ಲಿ ಚಿತ್ರ ನೋಡಬೇಕಾದರೆ ಬಸ್ಸಿನ ಚಾರ್ಜು ಕೇಳಬೇಕು, ಬಸ್ಸಿನಲ್ಲಿ ಪರಿಚಯದವರ ಕಣ್ಣು ತಪ್ಪಿಸಬೇಕು, ರಾತ್ರಿಯೊಳಗೆ ಮನೆ ಸೇರಬೇಕು. ಸೆನ್ಸಾರ್ ಮಂಡಳಿ ಮಾಡದ ಕಾವಲನ್ನು ದೂರವೇ ಮಾಡುತ್ತಿತ್ತು.

ವಯಸ್ಸಿನ ಗೆರೆ ಎಳೆಯುವುದು ಸರಿಯೇ ಎಂಬ ಪ್ರಶ್ನೆಯೂ ನ್ಯಾಯಾಲಯಕ್ಕೆ ಹೋಯಿತು. ಖ್ವಾಜಾ ಅಹ್ಮದ್ ಅಬ್ಬಾಸರು ನಾಲ್ಕು ಮಹಾನಗರಗಳ ಬಡತನ, ಸಿರಿತನಗಳನ್ನು ಎದುರುಬದುರಾಗಿಟ್ಟು ಸಣ್ಣದೊಂದು ಸಾಕ್ಷ್ಯಚಿತ್ರ ಮಾಡಿದ್ದರು. ಮುಂಬಯಿಯ ವೇಶ್ಯಾವಾಟಿಕೆಯ ದೃಶ್ಯಗಳ ಕಾರಣಕ್ಕೆ ಅದಕ್ಕೆ 'ಯು' ಸಿಗದೆ ಹೋದಾಗ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1970ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ತೀರ್ಪು ಕೊಟ್ಟಿತು. ಚಲಿಸುವ ಚಿತ್ರ ಉಳಿದ ಕಲೆಗಳಿಗಿಂತ ಆಳವಾಗಿ ಭಾವನೆಗಳನ್ನು ಕಲಕುತ್ತದೆ. ಆದ್ದರಿಂದ ವಯಸ್ಸಿನ ಮೇಲೆ ಚಿತ್ರಗಳನ್ನು ವಿಂಗಡಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂಬುದು ಅದರ ಸಾರ. ಜತೆಗೆ, ಕಲೆಯಾದದ್ದನ್ನೂ ಕಲೆಯಲ್ಲದ್ದನ್ನೂ ಒಂದೇ ಕತ್ತರಿಗೆ ಕೊಡಬಾರದೆಂದೂ ನ್ಯಾಯಾಲಯ ಎಚ್ಚರಿಸಿತು.

ಕಾನೂನು ಮರೆತ ವಯಸ್ಸು

1983ರಲ್ಲಿ ಎರಡು ಬದಲಾವಣೆಗಳಾದವು. 'ಸೆನ್ಸಾರ್ ಮಂಡಳಿ' ಎಂಬ ಹೆಸರು 'ಪ್ರಮಾಣೀಕರಣ ಮಂಡಳಿ' ಎಂದಾಯಿತು. 'ಯು' ಮತ್ತು 'ಎ' ನಡುವೆ 'ಯು/ಎ' ಎಂಬ ಹೊಸ ಮೆಟ್ಟಿಲು ಬಂತು. ಹನ್ನೆರಡು ವರ್ಷದೊಳಗಿನವರು ಪೋಷಕರ ಮಾರ್ಗದರ್ಶನದಲ್ಲಿ ನೋಡಬೇಕು ಎಂಬುದು ಅದರ ಅರ್ಥ.

ಈ ಮೆಟ್ಟಿಲಲ್ಲಿ ಒಂದು ವಿಚಿತ್ರ ಅಡಗಿತ್ತು. ಹನ್ನೆರಡರವರೆಗೆ ಮಗು, ಹದಿನೆಂಟಕ್ಕೆ ವಯಸ್ಕ. ನಡುವಿನ ಆರು ವರ್ಷ? ಕಾನೂನಿನ ಪ್ರಕಾರ ಅದಕ್ಕೆ ಪ್ರತ್ಯೇಕ ಅಸ್ತಿತ್ವವೇ ಇರಲಿಲ್ಲ. ಏಳನೆಯ ತರಗತಿ ಮುಗಿಸಿದ ಹುಡುಗಿಗೂ ಪಿ.ಯು.ಸಿ. ಓದುವ ಯುವಕನಿಗೂ ಒಂದೇ ಚೀಟಿ. ಬ್ರಿಟನ್ನಿನಲ್ಲಿ 1982ರಲ್ಲೇ ಹದಿನೈದು ಮತ್ತು ಹದಿನೆಂಟರ ಮೆಟ್ಟಿಲುಗಳು ಬೇರೆ ಬೇರೆಯಾಗಿದ್ದವು. 1989ರಲ್ಲಿ ಹನ್ನೆರಡರದೂ ಸೇರಿತು. ನಮ್ಮಲ್ಲಿ 2013ರ ಮುದ್ಗಲ್ ಸಮಿತಿ, 2016ರ ಶ್ಯಾಮ್ ಬೆನಗಲ್ ಸಮಿತಿಗಳು ಹದಿಹರೆಯವನ್ನು ಬೇರೆಯಾಗಿ ಗುರುತಿಸಬೇಕೆಂದು ಹೇಳಿದರೂ ಬದಲಾವಣೆಗೆ ಇನ್ನಷ್ಟು ವರ್ಷ ಕಾಯಬೇಕಾಯಿತು.

ಹದಿಹರೆಯ ಎಂಬುದು ಕಥೆಗಳಿಂದ ಬದುಕಿನ ನಕ್ಷೆ ಬಿಡಿಸಿಕೊಳ್ಳುವ ಕಾಲ. ಎಂಟರ ಮಗು ಭೂತಕ್ಕೆ ಹೆದರುತ್ತದೆ. ಹದಿನೈದರವರು ಕಥೆಯ ಪಾತ್ರದಲ್ಲಿ ತಮ್ಮನ್ನೇ ಹುಡುಕುತ್ತಾರೆ. ಮಗುವಿನ ತೊಂದರೆ ರಾತ್ರಿಯ ಕನಸಿಗೆ ಮುಗಿಯಬಹುದು. ಹರೆಯದ ತೊಂದರೆ ಹಗಲಿನ ಯೋಚನೆಗೆ ಸೇರಬಹುದು. ಕಾನೂನು ಮರೆತದ್ದು ಈ ವಯಸ್ಸನ್ನೇ.

ಕನ್ನಡ ಚಿತ್ರರಂಗ ಮಾತ್ರ ಅದನ್ನು ಮರೆತಿರಲಿಲ್ಲ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ 'ಶರಪಂಜರ' ತೆಗೆದರು. ಮನೋರೋಗದಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಸುತ್ತಲಿನವರ ಅನುಮಾನ ಮತ್ತೆ ಆಸ್ಪತ್ರೆಗೆ ತಳ್ಳುತ್ತದೆ. ಮರುವರ್ಷ ತ.ರಾ.ಸು. ಅವರ ಕಾದಂಬರಿಯಿಂದ ಬಂದ 'ನಾಗರಹಾವು' ಒಬ್ಬ ಕೋಪಿಷ್ಠ ವಿದ್ಯಾರ್ಥಿಯ ಕಥೆ. ಗುರು ಶಿಷ್ಯರಿಬ್ಬರ ಸಾವಿನಲ್ಲಿ ಮುಗಿಯುತ್ತದೆ. ಎರಡೂ ಕತ್ತಲ ಕಥೆಗಳೇ. ಎರಡನ್ನೂ ಮನೆಮಂದಿ ಒಟ್ಟಿಗೆ ಹೋಗಿ ನೋಡಿದರು. ಮನೆಗೆ ಬಂದು ಮಾತಾಡಿದರು. ಕಾವೇರಿಗೆ ಹುಚ್ಚು ಹಿಡಿಸಿದವರು ಯಾರು, ರಾಮಾಚಾರಿಯ ವಿಷಯದಲ್ಲಿ ಚಾಮಯ್ಯ ಮೇಷ್ಟ್ರು ಎಡವಿದ್ದೆಲ್ಲಿ ಎಂಬ ಪ್ರಶ್ನೆಗಳು ಹರೆಯದವರ ಕಿವಿಗೂ ಬಿದ್ದವು. ಕಥೆ ಕಪ್ಪಾಗಿದ್ದರೂ ಅದು ಮಾತಿಗೆ ಬಾಗಿಲು ತೆರೆಯಿತು.

'ತಮಸ್' ಹೇಳಿಕೊಟ್ಟ ಪಾಠ

ಟಿ.ವಿ. ಮನೆಯೊಳಗೆ ಬಂದ ಮೇಲೆ ಟಿಕೆಟ್ ಹರಿಯುವವನೂ ಇಲ್ಲವಾದ. ಆಗ ಎದ್ದ ದೊಡ್ಡ ವಿವಾದ 1988ರ 'ತಮಸ್' ಧಾರಾವಾಹಿಯದು. ಹೆಸರಿನಲ್ಲೇ ಕತ್ತಲಿರುವ, ಭೀಷ್ಮ ಸಾಹ್ನಿಯವರ ಕಾದಂಬರಿಯ ಮೇಲೆ ಗೋವಿಂದ ನಿಹಲಾನಿ ತೆಗೆದ ಈ ಧಾರಾವಾಹಿ ದೇಶ ವಿಭಜನೆಯ ಹಿಂಸೆಯನ್ನು ತೋರಿಸಿತು. ಇದು ದ್ವೇಷ ಕೆರಳಿಸುತ್ತದೆ, ನಿಲ್ಲಿಸಬೇಕು ಎಂದು ಅರ್ಜಿಗಳು ಬಿದ್ದವು.

ಮುಂಬಯಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಸುಮ್ಮನೆ ವಾದ ಕೇಳಿ ತೀರ್ಪು ಕೊಡಲಿಲ್ಲ, ಧಾರಾವಾಹಿಯನ್ನು ನೋಡಿದರು. ನೋಡಿ, ಅದು ಹಿಂಸೆಯನ್ನು ಹೊಗಳುವುದಿಲ್ಲ, ಹಿಂಸೆಯ ಹಿಂದಿನ ಸಂಚನ್ನು ಬಯಲಿಗೆಳೆದು ನೋಡುವವರನ್ನು ಎಚ್ಚರಿಸುತ್ತದೆ ಎಂಬ ನಿರ್ಣಯಕ್ಕೆ ಬಂದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಷ್ಟೊಂದು ರಕ್ತಪಾತದ ಕಥೆಗೆ ಪ್ರಮಾಣೀಕರಣ ಮಂಡಳಿ ಕೊಟ್ಟದ್ದು 'ಎ' ಅಲ್ಲ, 'ಯು'.

ಗುಲ್ಬರ್ಗಾದಂಥ ಊರಿಗೆ 'ತಮಸ್' ದೂರದ ಪಂಜಾಬಿನ ಕಥೆ ಮಾತ್ರವಾಗಿರಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮುಂಚೆ ರಜಾಕಾರರ ಹಾವಳಿಯನ್ನೂ, ಅನಂತರದ ಸೇಡಿನ ದಿನಗಳನ್ನೂ ಕಂಡ ಹಿರಿಯರು 1988ರಲ್ಲಿ ಇನ್ನೂ ಮನೆಗಳಲ್ಲಿದ್ದರು. ತೆರೆಯ ಮೇಲಿನ ಕತ್ತಲೆಗೆ ಅರ್ಥ ಹೇಳಬಲ್ಲವರು ಪಕ್ಕದಲ್ಲೇ ಕುಳಿತಿದ್ದ ಕಾಲ ಅದು.

'ತಮಸ್' ಪ್ರಕರಣದಿಂದ ಕಲಿಯಬೇಕಾದ ಪಾಠ ಎರಡು. ಕತ್ತಲಿದೆ ಎಂಬ ಒಂದೇ ಕಾರಣಕ್ಕೆ ಕಥೆ ಮಕ್ಕಳಿಗೆ ಅಯೋಗ್ಯವಾಗುವುದಿಲ್ಲ. ಆ ಕತ್ತಲನ್ನು ಕಥೆ ಯಾವ ಕಡೆಗೆ ತಿರುಗಿಸುತ್ತದೆ ಎಂಬುದು ಮುಖ್ಯ. ಇನ್ನೊಂದು, ನೋಡದೆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ. ಹೈಕೋರ್ಟಿನ ನ್ಯಾಯಮೂರ್ತಿಗಳಿಗೆ ಅನ್ವಯಿಸಿದ ಈ ಮಾತು ತಂದೆ ತಾಯಿಗೂ ಅನ್ವಯಿಸುತ್ತದೆ.

ಒಂದೇ ವಸ್ತು, ಎರಡು ಪರಿಣಾಮ

ಹಾಗಾದರೆ ಕಥೆಯಿಂದ ಅಪಾಯವೇ ಇಲ್ಲವೇ? ಇದೆ. ಅದರ ಇತಿಹಾಸವೂ ಹಳೆಯದು. ಜರ್ಮನಿಯ ಕವಿ ಗಯಟೆ 1774ರಲ್ಲಿ ಬರೆದ, ವರ್ಥರ್ ಎಂಬ ಯುವಕನ ಕಾದಂಬರಿ ನಾಯಕನ ಆತ್ಮಹತ್ಯೆಯಲ್ಲಿ ಮುಗಿಯುತ್ತದೆ. ಅದನ್ನು ಓದಿದ ಯುವಕರು ಅವನಂತೆ ಉಡುಪು ತೊಟ್ಟರು. ಕೆಲವರು ಅವನಂತೆಯೇ ಸತ್ತರೆಂಬ ಸುದ್ದಿ ಹಬ್ಬಿ ಲೈಪ್‌ಜಿಗ್ ನಗರದಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ಎರಡು ಶತಮಾನಗಳ ಅನಂತರ, 1974ರಲ್ಲಿ, ಅಮೆರಿಕದ ಸಮಾಜವಿಜ್ಞಾನಿ ಡೇವಿಡ್ ಫಿಲಿಪ್ಸ್ ಇಂಥ ಅನುಕರಣೆಗೆ 'ವರ್ಥರ್ ಪರಿಣಾಮ' ಎಂದೇ ಹೆಸರಿಟ್ಟರು.

ನಮ್ಮ ಕಾಲದಲ್ಲಿ ಈ ವಿವಾದ ಮತ್ತೆ ಎದ್ದದ್ದು 2017ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದ 'ಥರ್ಟೀನ್ ರೀಸನ್ಸ್ ವೈ' ಧಾರಾವಾಹಿಯಿಂದ. ಸತ್ತುಹೋದ ಶಾಲಾ ಬಾಲಕಿಯೊಬ್ಬಳು, ತನ್ನ ಸಾವಿಗೆ ಯಾರು ಯಾರು ಕಾರಣ ಎಂದು ಧ್ವನಿಮುದ್ರಿಸಿಟ್ಟ ಕ್ಯಾಸೆಟ್ಟುಗಳ ಸುತ್ತ ಕಥೆ ಹೆಣೆದಿತ್ತು. ಹದಿಹರೆಯದವರು ಮುಗಿಬಿದ್ದು ನೋಡಿದರು. ಮನೋವೈದ್ಯರ ಆಕ್ಷೇಪ ಎರಡು ಬಗೆಯದು: ಸಾವಿನ ದೃಶ್ಯವನ್ನು ವಿವರವಾಗಿ ತೋರಿಸಿದ್ದು ಒಂದು, ಸಾವು ಸೇಡು ತೀರಿಸಿಕೊಳ್ಳುವ ಹತಾರ ಎಂಬ ಭಾವನೆ ಬರುವಂತೆ ಕಥೆ ಕಟ್ಟಿದ್ದು ಇನ್ನೊಂದು. ಸತ್ತವಳು ಕಥೆಯಲ್ಲಿ ಮಾತಾಡುತ್ತಲೇ ಇರುತ್ತಾಳೆ. ನಿಜದಲ್ಲಿ ಸಾವು ಯಾರಿಗೂ ಅಂಥ ಮಾತನ್ನು ಉಳಿಸುವುದಿಲ್ಲ.

ನ್ಯೂಜಿಲೆಂಡ್ ಈ ಧಾರಾವಾಹಿಗಾಗಿ ಹೊಸ ವರ್ಗವನ್ನೇ ಮಾಡಿತು: ಹದಿನೆಂಟರೊಳಗಿನವರು ಪೋಷಕರ ಜತೆಗೆ ಮಾತ್ರ ನೋಡಬೇಕು. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಡುಗಡೆಯ ಮರುತಿಂಗಳು ಅಲ್ಲಿ 10ರಿಂದ 17ರ ವಯಸ್ಸಿನವರ ಆತ್ಮಹತ್ಯೆ ಪ್ರಮಾಣ ಶೇ 28.9ರಷ್ಟು ಏರಿತ್ತು ಎಂದು ಹೇಳಿತು. ಅದೇ ಅಂಕಿಗಳನ್ನು ಬೇರೆ ವಿಧಾನದಿಂದ ಪರಿಶೀಲಿಸಿದ ಇನ್ನೊಂದು ಅಧ್ಯಯನ, ಏರಿಕೆಗೆ ಧಾರಾವಾಹಿಯೇ ಕಾರಣವೆನ್ನಲು ಸಾಕ್ಷ್ಯ ಸಾಲದು ಎಂದಿತು. ವಿದ್ವಾಂಸರ ಚರ್ಚೆ ತೀರದಿದ್ದರೂ ನಿರ್ಮಾಪಕರು ಕಾದು ಕೂರಲಿಲ್ಲ. ತಜ್ಞರ ಸಲಹೆಯಂತೆ 2019ರ ಜುಲೈನಲ್ಲಿ ಆ ದೃಶ್ಯವನ್ನು ತೆಗೆದುಹಾಕಿದರು.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮೊಜಾರ್ಟನ ಗೀತನಾಟಕವೊಂದರಲ್ಲಿ ಪಾಪಗೇನೊ ಎಂಬ ಪಾತ್ರ ನಿರಾಶೆಯಿಂದ ಸಾಯಹೊರಟಾಗ ಮೂವರು ಬಾಲಕರು ಬೇರೆ ದಾರಿ ತೋರಿಸಿ ಬದುಕಿಸುತ್ತಾರೆ. ಆಸ್ಟ್ರಿಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಕಟದಿಂದ ಪಾರಾದವರ ಕಥೆಗಳು ಪ್ರಕಟವಾದ ಬಳಿಕ ಆತ್ಮಹತ್ಯೆಗಳು ಇಳಿಮುಖವಾಗಿದ್ದುದು ಕಂಡಿತು. ಇದಕ್ಕೆ 'ಪಾಪಗೇನೊ ಪರಿಣಾಮ' ಎಂಬ ಹೆಸರು ಬಂತು. ವಸ್ತು ಒಂದೇ; ಒಂದು ಕಥೆ ಬಾಗಿಲು ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ.

2025ರ ಮಾರ್ಚ್‌ನಲ್ಲಿ ಬಂದ ಬ್ರಿಟಿಷ್ ಧಾರಾವಾಹಿ 'ಅಡಲೆಸೆನ್ಸ್' ಇದಕ್ಕೆ ಹತ್ತಿರದ ನಿದರ್ಶನ. ಶಾಲೆಯ ಹುಡುಗಿಯೊಬ್ಬಳನ್ನು ಕೊಂದ ಆಪಾದನೆಯ ಮೇಲೆ ಹದಿಮೂರರ ಬಾಲಕನನ್ನು ಪೊಲೀಸರು ಬೆಳಗಾಗುವ ಹೊತ್ತಿಗೆ ಮನೆಯಿಂದ ಎಳೆದೊಯ್ಯುವುದರಿಂದ ಅದರ ನಾಲ್ಕು ಕಂತುಗಳು ಆರಂಭವಾಗುತ್ತವೆ. ವಸ್ತು ಘೋರ. ಆದರೂ ಅದನ್ನು ಮಾಧ್ಯಮಿಕ ಶಾಲೆಗಳಲ್ಲಿ ಉಚಿತವಾಗಿ ತೋರಿಸುವ ಏರ್ಪಾಡಿಗೆ ಅಲ್ಲಿನ ಪ್ರಧಾನಿ ಬೆಂಬಲ ಕೊಟ್ಟರು. ಕಾರಣ, ಕಥೆ ಕೊಲೆಯನ್ನು ರೋಚಕ ಮಾಡುವುದಿಲ್ಲ. ಮುಚ್ಚಿದ ಕೋಣೆಯ ಬಾಗಿಲ ಹಿಂದೆ ಮಗ ಏನು ನೋಡುತ್ತಿದ್ದ ಎಂದು ಗೊತ್ತಿರದ ತಂದೆ ತಾಯಿಯ ದುಃಖವನ್ನು ಮುಂದಿಡುತ್ತದೆ.

ಹೊಸ ಚೀಟಿಗಳು

ಮೊಬೈಲಿನ ಧಾರಾವಾಹಿಗಳಿಗೆ ನಮ್ಮ ದೇಶದಲ್ಲಿ ಚೀಟಿ ಬಂದದ್ದು 2021ರ ಫೆಬ್ರವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳಿಂದ. ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ಐದು ವರ್ಗಗಳು. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಚಿತ್ರಮಂದಿರದ ಚಿತ್ರಗಳಿಗೂ ಇದೇ 7, 13, 16ರ ಮೆಟ್ಟಿಲುಗಳನ್ನು ತಂದಿತು. 1983ರಲ್ಲಿ ಕಳೆದುಹೋಗಿದ್ದ ಹದಿಹರೆಯ ಸುಮಾರು ನಲವತ್ತು ವರ್ಷಗಳ ಬಳಿಕ ಕಾನೂನಿನ ಕಣ್ಣಿಗೆ ಬಿತ್ತು.

ಚೀಟಿ ಹೇಗೆ ಅಂಟಿಸಬೇಕೆಂದು ನಿಯಮಗಳು ಹೇಳುತ್ತವೆ. ಹಿಂಸೆ, ಭಯ, ಭಾಷೆ, ಮಾದಕ ವಸ್ತು, ನಗ್ನತೆ, ಅನುಕರಣೆಗೆ ಎಡೆಕೊಡುವ ವರ್ತನೆ, ಇವನ್ನೆಲ್ಲ ನೋಡಬೇಕು. ಜತೆಗೆ ಸಂದರ್ಭ, ವಸ್ತು, ಧಾಟಿ ಮತ್ತು ಪರಿಣಾಮಗಳನ್ನೂ ತೂಗಬೇಕು. 13+ ಮತ್ತು ಅದರ ಮೇಲಿನ ವರ್ಗಗಳಿಗೆ ಪೋಷಕರು ಬೀಗ ಹಾಕುವ ವ್ಯವಸ್ಥೆ ಇರಬೇಕು. 'ಎ' ವರ್ಗಕ್ಕೆ ನೋಡುವವರ ವಯಸ್ಸನ್ನು ಖಾತ್ರಿಪಡಿಸಿಕೊಳ್ಳುವ ವ್ಯವಸ್ಥೆ ಬೇಕು. ಆದರೆ ಸಿನಿಮಾದಂತೆ ಮುಂಚಿತವಾಗಿ ನೋಡಿ ಅಕ್ಷರ ಕೊಡುವ ಮಂಡಳಿ ಇಲ್ಲಿಲ್ಲ. ಧಾರಾವಾಹಿ ಹಂಚುವ ಸಂಸ್ಥೆಯೇ ತನ್ನ ಸರಕಿಗೆ ತಾನೇ ಚೀಟಿ ಅಂಟಿಸುತ್ತದೆ.

ಆ ಬೀಗವೂ ಎಷ್ಟು ಗಟ್ಟಿ? ಎಷ್ಟೋ ಮನೆಗಳಲ್ಲಿ ಮೊಬೈಲಿನ ಗುಟ್ಟುಗಳು ಅಪ್ಪನಿಗಿಂತ ಮಗನಿಗೆ ಚೆನ್ನಾಗಿ ಗೊತ್ತು. ಅಪ್ಪ ಬೀಗ ಹಾಕಿಕೊಡು ಎಂದು ಕೇಳುವುದೂ ಮಗನನ್ನೇ! ಕಮಲಾಪುರದ ಮನೆಯಲ್ಲಿ ಬೀಗ ಬಿದ್ದರೂ ಕಲಬುರಗಿಯ ಕೋಣೆಯಲ್ಲಿ ಗೆಳೆಯನ ಫೋನು ತೆರೆದೇ ಇರುತ್ತದೆ. ಒಂದು ಕಾಲಕ್ಕೆ ಕಾವಲಾಗಿದ್ದ ದೂರ ಈಗ ಮಕ್ಕಳನ್ನು ಕಾಯುವವರಿಂದಲೇ ದೂರ ಮಾಡಿದೆ.

ಪಕ್ಕದಲ್ಲಿ ಯಾರು?

ಚೀಟಿಯಿಂದ ಪ್ರಯೋಜನವಿಲ್ಲ ಎಂದಲ್ಲ. 'ಎ' ಎಂದಿದ್ದನ್ನು ಹದಿನಾಲ್ಕರವರಿಗೆ ಬೇಡ ಎನ್ನಲು ಅಷ್ಟೇ ಸಾಕು. ತೊಡಕು ಬರುವುದು ನಡುವಿನ ಮೆಟ್ಟಿಲುಗಳಲ್ಲಿ. 16+ ಎಂಬ ಚೀಟಿ ಹದಿನಾರು ತುಂಬಿದ ಎಲ್ಲರನ್ನೂ ಒಂದೇ ಎಂದು ಎಣಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಸೋತು ತಿಂಗಳಿಂದ ಮಾತು ಬಿಟ್ಟಿರುವ ಹುಡುಗನೂ, ಗೆಳತಿಯರ ಜತೆ ನಗುನಗುತ್ತ ರಹಸ್ಯ ಬಿಡಿಸುವ ಹುಡುಗಿಯೂ ಒಂದೇ ಅಲ್ಲ. ಚೀಟಿ ಕಥೆಯನ್ನು ಅಳೆಯುತ್ತದೆ. ಮಗುವನ್ನು ಅಳೆಯುವುದು ಮನೆಯವರ ಕೆಲಸ.

ಆ ಕೆಲಸಕ್ಕೆ ಈ ಇತಿಹಾಸದಿಂದಲೇ ಕೆಲವು ಪ್ರಶ್ನೆಗಳು ಸಿಗುತ್ತವೆ. ಕಥೆ ಹಿಂಸೆಯ ಬೇರನ್ನು ತೋರಿಸುತ್ತದೆಯೋ, ಹಿಂಸೆಯ ಕ್ರಮವನ್ನು ಕಲಿಸುತ್ತದೆಯೋ? ಸಾವನ್ನು ನಷ್ಟವೆಂದು ಕಾಣಿಸುತ್ತದೆಯೋ, ಗೆಲುವೆಂದು ಕಾಣಿಸುತ್ತದೆಯೋ? ಸಂಕಟದಲ್ಲಿರುವ ಪಾತ್ರಕ್ಕೆ ಕೈಹಿಡಿಯುವವರು ಒಬ್ಬರಾದರೂ ಇದ್ದಾರೆಯೇ? ಮನೋರೋಗಿಯನ್ನು 'ಶರಪಂಜರ'ದಂತೆ ಮನುಷ್ಯರನ್ನಾಗಿ ನೋಡುತ್ತದೆಯೋ, ಕೊಲೆಗಡುಕರಿಗೆ ಸುಲಭದ ವೇಷವಾಗಿ ಬಳಸಿಕೊಳ್ಳುತ್ತದೆಯೋ? ಇಷ್ಟನ್ನು ತಿಳಿಯಲು ತಂದೆ ತಾಯಿ ಮೊದಲೊಂದು ಕಂತನ್ನು ತಾವೇ ನೋಡಬೇಕು. 'ತಮಸ್' ಕಾಲದ ನ್ಯಾಯಮೂರ್ತಿಗಳಿಗೆ ಸಾಧ್ಯವಾದಷ್ಟು ಬಿಡುವು ಮನೆಯವರಿಗೂ ಸಿಗದೆ ಇರದು.

ಬೇಡ ಎನ್ನಬೇಕಾದ ಸಂದರ್ಭಗಳೂ ಇವೆ. ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡ, ಶಾಲೆಯಲ್ಲಿ ಕಿರುಕುಳ ಅನುಭವಿಸುತ್ತಿರುವ, ನಿದ್ದೆ ಊಟ ಬಿಟ್ಟಿರುವ ಮಗುವಿಗೆ ಅಂಥದೇ ನೋವಿನ ಥ್ರಿಲ್ಲರ್ ಸದ್ಯಕ್ಕೆ ಬೇಡ; ಅದಕ್ಕೆ ಬೇಕಾದದ್ದು ಕಥೆಯಲ್ಲ, ಸಹಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅತಿಯಾದ ಮೊಬೈಲ್ ಬಳಕೆಯ ತೊಂದರೆಗಳಿಗೆಂದೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾ ಸೇವೆ ಆರಂಭವಾಯಿತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಉಳಿದವರ ಮಟ್ಟಿಗೆ, ಕತ್ತಲ ಕಥೆಯನ್ನು ಪೂರ್ತಿ ಮುಚ್ಚಿಡುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಲೋಕದಲ್ಲಿ ದ್ರೋಹವಿದೆ, ದ್ವೇಷವಿದೆ, ಮನಸ್ಸು ಕೆಡುವುದಿದೆ ಎಂಬುದನ್ನು ಹರೆಯದವರು ಎಲ್ಲಿಂದಲಾದರೂ ತಿಳಿಯಲೇಬೇಕು. ಅದನ್ನು ಒಳ್ಳೆಯ ಕಥೆಯಿಂದ ತಿಳಿಯುವುದು ಮೇಲು. ಆದರೆ ದೊಡ್ಡಾಟದ ಅಂಗಳದಿಂದ ಹಿಡಿದು ಸಂಜೆಯ ಟಿ.ವಿ. ಪೆಟ್ಟಿಗೆಯವರೆಗೆ ನೋಟದ ಜತೆಗಿದ್ದ ಸಂಗಾತ ಮೊಬೈಲಿನಲ್ಲಿ ಇಲ್ಲ. ಕಾನೂನು ವಯಸ್ಸನ್ನು ಬರೆಯಬಲ್ಲದು. ಪಕ್ಕದಲ್ಲಿ ಬಂದು ಕೂರಲಾರದು.

1975ರಲ್ಲಿ ಈ ಜಿಲ್ಲೆಯ ಹಳ್ಳಿಗಳಲ್ಲಿ ಟಿ.ವಿ. ಮುಂದೆ ಕುಳಿತ ಮಕ್ಕಳಿಗೆ ಈಗ ಐವತ್ತು ಅರವತ್ತರ ವಯಸ್ಸು. ಅವರ ಮೊಮ್ಮಕ್ಕಳು ಹದಿಹರೆಯಕ್ಕೆ ಕಾಲಿಡುತ್ತಿದ್ದಾರೆ. ಆ ಅಜ್ಜ ಅಜ್ಜಿಯರಿಗೆ ಧಾರಾವಾಹಿಯ ಭಾಷೆ ತಿಳಿಯದಿರಬಹುದು, ಮೊಬೈಲಿನ ಬೀಗ ಹಾಕಲು ಬಾರದಿರಬಹುದು. ಏನು ನೋಡಕತ್ತೀಪಾ, ನನಗೂ ಒಂದಿಷ್ಟು ಹೇಳು ಎಂದು ಪಕ್ಕದಲ್ಲಿ ಕೂರಲು ಅವೆರಡೂ ಬೇಕಿಲ್ಲ.